‘ಬೀಡಿ ಸೇದ್ತೀರೇನು?’ ಅನ್ನೋ ಪ್ರಶ್ನೆ

ಬಹಳ ದಿನ ಆಗಿತ್ತು ಇಲ್ಲಿ ಏನೂ ಬರೆಯದೆ. ಕೆಲಸದ ಗಡಿಬಿಡಿ ಅಂತ ಎಂದಿನ ನೆಪ ಹೇಳಬಹುದು, ಆದರೆ ನಿಜ ಏನಂದ್ರೆ ಬರೆಯೋಕೆ ಮನಸ್ಸೇ ಇರಲಿಲ್ಲ. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೀತಾ ಇದ್ದೇನೆ. ಮಾತು ಖಾರ ಅನ್ನಿಸಿದರೆ ಬ್ಯಾಡಗಿ ಕಡೆಯವನು ಅಂತ ಹೊಟ್ಟೆಗೆ ಹಾಕಿಕೊಳ್ಳಿ. (ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅನ್ನೋದು ತಿಳಿದವರಿಗೆ ಗೊತ್ತು. ಇರಲಿ.)

ಹೋದ ಭಾನುವಾರ ಬ್ಯಾಡಗಿಯಲ್ಲಿ ನಮ್ಮ ಸಂಬಂಧಿಕರ ಮನೆಯ ಗೃಹಪ್ರವೇಶ ಇತ್ತು. ಹಾವೇರಿಯಿಂದ ಬೆಳಿಗ್ಗೆಯೇ ಹೋಗಿದ್ದೆ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು, ಹೋದ ವರ್ಷ ತೀರಿಕೊಂಡ ನನ್ನ ಕಾಕಾನ ಸುದ್ದಿ ತೆಗೆದರು. "ಭಾಳ ಛಲೋ ಮನುಷ್ಯಾ ಆಗಿದ್ದ ಬಿಡ್ರಿ ನಿಮ್ಮ ಕಾಕಾ. ಆದ್ರ ಆ ಬೀಡಿ... ಮಾಡಿದ್ದುಣ್ಣೋ ಮಹಾರಾಯ ಅಂದಂಗ ಆತು." ಎದುರಿನ ಸಾಲಿನಲ್ಲಿ ನನ್ನ ಅತ್ತಿ, ಅಂದರೆ ಕಾಕಾನ ತಂಗಿ, ಕೂತಿದ್ದಳು. ಅವಳ ಕಡೆ ಕಣ್ಣು ಮಾಡಿ ದನಿ ತಗ್ಗಿಸಿ ಅದೇ ಹಿರಿಯರು ಅಂದರು, "ಆಕಿ ನೋಡ್ರಿ, ಪಾಪ. ಒಂದು ಚಟಾ ಇಲ್ಲ. ಆಕಿಗ್ಯಾಕ ಬಂತೋ ಏನೋ."

ಒಂದೇ ತಾಯಿ ಹೊಟ್ಟೆಯ ಅಣ್ಣ ತಂಗಿ. ಒಂದೇ ರೋಗ, ಶ್ವಾಸಕೋಶದ ಕ್ಯಾನ್ಸರು. ಒಬ್ಬನಿಗೆ ತೀರ್ಪು, ಇನ್ನೊಬ್ಬಳಿಗೆ ಪಾಪ. ನಾನು ಮಾತಾಡಲಿಲ್ಲ. ಹೋಳಿಗೆ ತಟ್ಟೆಯಲ್ಲೇ ಉಳೀತು. ಅಲ್ಲಿ ಆಡದೇ ಬಂದ ಮಾತು ಇಲ್ಲಿ ಆಡ್ತಿದ್ದೇನೆ, ಕೇಳಿ.

ಕಾಕಾ ರಾಣೆಬೆನ್ನೂರಿನ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕಾರಕೂನ ಆಗಿದ್ದ. ಒಳಗೆ ಬೆಂಕಿಕಡ್ಡಿ ಗೀರುವ ಹಾಗಿಲ್ಲವಲ್ಲ, ಹೊರಗೆ ಬೇವಿನ ಮರದ ಕೆಳಗೆ ಬಂದು ಒಂದರ ಹಿಂದೆ ಒಂದು ಎರಡು ಬೀಡಿ ಸೇದಿ ಒಳಗೆ ಹೋಗುತ್ತಿದ್ದ. ಚಿಕ್ಕವರಿದ್ದಾಗ ನಮಗೆ ಕಾಕಾ ಬಂದ ಅಂತ ಗೊತ್ತಾಗುತ್ತಿದ್ದದ್ದೇ ಅವನ ಅಂಗಿಯ ವಾಸನೆಯಿಂದ. ಇಡೀ ಓಣಿಗೆ ಗೊತ್ತಿದ್ದ ಸಂಗತಿ ಅದು.

ಎದೆಯಲ್ಲಿ ನೋವು, ಕಫದಲ್ಲಿ ರಕ್ತ ಅಂತ ಆದಾಗ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರಕೊಂಡು ಹೋದೆ. ಹೆಸರು ಬೇಡ, ಹೆಸರಿನ ಮಾತಲ್ಲ ಇದು. ಹೊರರೋಗಿ ವಿಭಾಗದ ಕೋಣೆ, ಒಂದು ಟೇಬಲ್ಲು, ಸುತ್ತ ಹತ್ತು ಹನ್ನೆರಡು ಜನ. ಕಾಕಾನ ಸೊಸೆ ಪಕ್ಕಕ್ಕೆ ಸೆರಗು ಹಿಡಿದು ನಿಂತಿದ್ದಾಳೆ. ಕೇಸ್ ಪೇಪರ್ ಬರೀತಿದ್ದ ಹುಡುಗ ಡಾಕ್ಟರು ತಲೆ ಎತ್ತದೆ, ದನಿ ಎತ್ತರಿಸಿ ಕೇಳಿದರು, "ಬೀಡಿ ಸಿಗರೇಟು ಸೇದ್ತೀರೇನು?"

"ಇಲ್ರಿ ಸಾಹೇಬ್ರ, ಸೇದಂಗಿಲ್ರಿ."

ಕಾಕಾ ಸುಳ್ಳು ಹೇಳಿದ. ಕಾಕಾನ ಅಂಗಿಯ ಕಿಸೆಯಲ್ಲಿ ಆಗಲೂ ಅರ್ಧ ಕಟ್ಟು ಇತ್ತು. ನಾನು ಅಲ್ಲೇ ನಿಂತಿದ್ದೆ. ನನಗೆ ಗೊತ್ತಿತ್ತು. ಸುಮ್ಮನಿದ್ದೆ. ಅಷ್ಟು ಜನರ ಎದುರಿಗೆ, ಸೊಸೆಯ ಎದುರಿಗೆ, ಹಿರಿಯನನ್ನು ಸುಳ್ಳುಗಾರ ಮಾಡೋದು ಹೇಗೆ ಅಂತ ಸುಮ್ಮನಿದ್ದೆ. ಡಾಕ್ಟರು ‘ನಾನ್ ಸ್ಮೋಕರ್’ ಅಂತ ಬರೆದುಕೊಂಡರು. ಅದೊಂದು ಪದ ಮುಂದೆ ಎಷ್ಟು ದೂರ ಓಡುತ್ತೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಾಯಿ ಬಿಡ್ತಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಈಗ ಓದಿಕೊಂಡಿದ್ದೇನೆ. ನಾನು ಡಾಕ್ಟರಲ್ಲ, ಆದರೆ ಮನೆಯಲ್ಲಿ ಇಬ್ಬರಿಗೆ ಬಂದ ಮೇಲೆ ಎಲ್ಲರೂ ಅರ್ಧ ಡಾಕ್ಟರಾಗ್ತಾರೆ. ನಾವೆಲ್ಲ ಅಂದುಕೊಂಡಿರೋದು ಆ ಪ್ರಶ್ನೆ ರೋಗ ಯಾಕೆ ಬಂತು ಅಂತ ತಿಳಿಯೋಕೆ, ಅಂದರೆ ತಪ್ಪು ಯಾರದು ಅಂತ ಗೊತ್ತು ಮಾಡೋಕೆ. ಅಲ್ಲವೇ ಅಲ್ಲ ಸ್ವಾಮಿ. ರೋಗ ಬಂದಾಗಿದೆ. ಆ ಪ್ರಶ್ನೆ ಇರೋದು ಮುಂದೆ ಏನು ಮಾಡಬೇಕು ಅನ್ನೋದಕ್ಕೆ. ರಕ್ತದೊತ್ತಡ ಅಳೆದ ಹಾಗೆ, ತೂಕ ನೋಡಿದ ಹಾಗೆ ಅದೂ ಒಂದು ಅಳತೆ.

ಶ್ವಾಸಕೋಶದ ಕ್ಯಾನ್ಸರು ಒಂದೇ ಜಾತಿ ಅಲ್ಲ. ಸ್ಮಾಲ್ ಸೆಲ್ ಅಂತ ಒಂದಿದೆ, ನೂರಕ್ಕೆ ಸುಮಾರು ಹದಿನೈದು. ಬಲು ಬೇಗ ಬೆಳೆಯುವಂಥದ್ದು, ಬರೋದು ಬಹುಪಾಲು ಸೇದಿದವರಿಗೇ. ಉಳಿದದ್ದರಲ್ಲಿ ಅಡಿನೋಕಾರ್ಸಿನೋಮಾ ಅನ್ನೋದು ದೊಡ್ಡ ಗುಂಪು. ಸೇದಿದವರಿಗೂ ಬರುತ್ತೆ, ಸೇದದವರಿಗೆ ಬಂದರೆ ಹೆಚ್ಚಾಗಿ ಇದೇ. ಇದರಲ್ಲಿ ಕೆಲವರಿಗೆ ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಆಗಿರುತ್ತೆ. ಸ್ವಿಚ್ಚು ಹಾಕಿದ್ದು ಹಾಕಿದ ಹಾಗೇ ಉಳಿದುಬಿಟ್ಟಂತೆ ಜೀವಕೋಶ ಬೆಳೀತಾನೇ ಇರುತ್ತೆ. 2004ರಲ್ಲಿ ಇದು ಗೊತ್ತಾಯಿತು. ಆ ಸ್ವಿಚ್ಚು ಆರಿಸೋ ಗುಳಿಗೆಗಳಿವೆ: ಜೆಫಿಟಿನಿಬ್, ಎರ್ಲೋಟಿನಿಬ್, ಈಚಿನದು ಓಸಿಮೆರ್ಟಿನಿಬ್. ಮೊದಲೆರಡು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೂ ಸೇರಿದವು. ಈ ಬದಲಾವಣೆ ಎಂದೂ ಸೇದದವರಲ್ಲಿ ಹೆಚ್ಚು, ಹೆಂಗಸರಲ್ಲಿ ಹೆಚ್ಚು, ನಮ್ಮ ಏಷ್ಯಾದವರಲ್ಲಿ ಹೆಚ್ಚು.

‘ಹೆಚ್ಚು’ ಅಂದೆ, ‘ಮಾತ್ರ’ ಅನ್ನಲಿಲ್ಲ. ಎಲ್ಲ ಎಡವೋದು ಇಲ್ಲೇ.

ಹಾಂಗ್‌ಕಾಂಗ್‌ನ ಡಾ. ಟೋನಿ ಮಾಕ್ ಮತ್ತು ಅವರ ಜೊತೆಗಾರರು ಐಪಾಸ್ ಅನ್ನೋ ಪ್ರಯೋಗದ ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಪೂರ್ವ ಏಷ್ಯಾದ ದೇಶಗಳ 1217 ಜನ ರೋಗಿಗಳು, ಎಲ್ಲರೂ ಒಂದೋ ಎಂದೂ ಸೇದದವರು, ಇಲ್ಲಾ ಸ್ವಲ್ಪ ಸೇದಿ ಎಂದೋ ಬಿಟ್ಟವರು. ಅರ್ಧ ಜನಕ್ಕೆ ಜೆಫಿಟಿನಿಬ್ ಗುಳಿಗೆ, ಅರ್ಧ ಜನಕ್ಕೆ ಕೀಮೋ. ಅವರಲ್ಲಿ 437 ಜನರ ಗೆಡ್ಡೆಯ ತುಣುಕು ಪರೀಕ್ಷೆ ಮಾಡೋಕೆ ಸಿಕ್ಕಿತು. ಬದಲಾವಣೆ ಇದ್ದದ್ದು 261 ಜನಕ್ಕೆ. ಅಂದರೆ ಆರಿಸಿ ಆರಿಸಿ ಸೇದದವರನ್ನೇ ತಗೊಂಡರೂ ನೂರಕ್ಕೆ ನಲವತ್ತು ಜನಕ್ಕೆ ಅದು ಇರಲಿಲ್ಲ! ಬದಲಾವಣೆ ಇದ್ದವರಿಗೆ ಗುಳಿಗೆ ಕೀಮೋಗಿಂತ ಚೆನ್ನಾಗಿ ಕೆಲಸ ಮಾಡಿತು. ಇಲ್ಲದವರಿಗೆ ಗುಳಿಗೆ ಕೊಟ್ಟಾಗ ಕೀಮೋ ತಗೊಂಡವರಿಗಿಂತ ಬೇಗ ರೋಗ ಬೆಳೀತು. ಸೇದಿದ್ದೀರೋ ಇಲ್ಲವೋ ಅನ್ನೋದು ಪರೀಕ್ಷೆಗೆ ಬದಲಿ ಆಗೋದಿಲ್ಲ ಅಂತ ಅಲ್ಲಿಗೆ ಖಚಿತ ಆಯಿತು.

ನಮ್ಮ ಕಾಕಾನಿಗೆ ಏನಾಯಿತು? ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮಾ ಬಂತು, ಆಗಲೇ ಬೇರೆ ಕಡೆ ಹರಡಿತ್ತು. ತುಣುಕನ್ನು ಜೀನ್ ಪರೀಕ್ಷೆಗೆ ಕಳಿಸಿದರು. "ಸೇದೋದಿಲ್ಲ ಅಂತೀರಿ, ಇದು ಬಹುಶಃ ಗುಳಿಗೆಗೆ ಬಗ್ಗೋ ಜಾತಿ. ರಿಪೋರ್ಟ್ ಬರೋತನಕ ಸುಮ್ನೆ ಕೂಡೋದು ಯಾಕೆ" ಅಂತ ಎರ್ಲೋಟಿನಿಬ್ ಶುರು ಮಾಡಿದರು. ನಾವೂ ಖುಷಿಪಟ್ಟೆವು, ಸಲೈನು ಸೂಜಿ ಇಲ್ಲದ ಚಿಕಿತ್ಸೆ ಅಂತ. ಕಾಕಾ ಬೆಳಿಗ್ಗೆ ಗುಳಿಗೆ ನುಂಗಿ, ಹಿತ್ತಲಿಗೆ ಹೋಗಿ ಬೀಡಿ ಹಚ್ಚುತ್ತಿದ್ದ. ಇದರಲ್ಲಿ ಇನ್ನೊಂದು ಕುಹಕ ಇದೆ: ಹೊಗೆಯಲ್ಲಿರುವ ರಾಸಾಯನಿಕಗಳು ಲಿವರಿನ ಕೆಲವು ಕಿಣ್ವಗಳನ್ನು ಚುರುಕು ಮಾಡ್ತವೆ, ಆಗ ಎರ್ಲೋಟಿನಿಬ್ ರಕ್ತದಲ್ಲಿ ಬೇಗ ಕರಗಿ ಹೋಗುತ್ತೆ. ಸೇದುತ್ತಿರುವವರಿಗೆ ಅದೇ ಪ್ರಮಾಣದ ಗುಳಿಗೆ ಕೊಟ್ಟರೂ ಮೈಗೆ ಹತ್ತೋದು ಕಡಿಮೆ. ಇದು ಕಂಪನಿಯವರೇ ಔಷಧಿಯ ವಿವರದಲ್ಲಿ ಬರೆದಿರುವ ಮಾತು. ಆದರೆ ಡಾಕ್ಟರ ಲೆಕ್ಕದಲ್ಲಿ ಕಾಕಾ ಸೇದುವವನೇ ಅಲ್ಲವಲ್ಲ!

ಇಪ್ಪತ್ತಾರು ದಿನಕ್ಕೆ ರಿಪೋರ್ಟ್ ಬಂತು. ಬದಲಾವಣೆ ಇಲ್ಲ. ಅಷ್ಟರಲ್ಲಿ ಎದೆಯಲ್ಲಿ ನೀರು ತುಂಬಿತ್ತು.

ಆ ಇಪ್ಪತ್ತಾರು ದಿನ ಕೈಯಲ್ಲಿದ್ದಿದ್ದರೆ ಕಾಕಾ ಬದುಕಿ ಉಳೀತಿದ್ದ ಅಂತ ನಾನು ಹೇಳೋದಿಲ್ಲ. ಹರಡಿದ ಮೇಲೆ ಹಿಡಿದದ್ದು, ನನಗೂ ಗೊತ್ತು. ರಿಪೋರ್ಟ್ ಬರೋತನಕ ಗುಳಿಗೆಗೆ ಕೈ ಹಾಕಬಾರದಿತ್ತು ಅಂತ ಡಾಕ್ಟರ ಮೇಲೂ ನನ್ನ ತಕರಾರಿದೆ. ಆದರೆ ಸುಳ್ಳು ನಮ್ಮದು. ಆ ಸುಳ್ಳು ಹುಟ್ಟಿದ್ದು ನಾಚಿಕೆಯಿಂದ, ಮತ್ತು ಆ ನಾಚಿಕೆ ಹುಟ್ಟಿಸಿದ್ದು ಮೊನ್ನೆ ಪಂಕ್ತಿಯಲ್ಲಿ ಕೂತು ಹೋಳಿಗೆ ಮುರೀತಾ ‘ಮಾಡಿದ್ದುಣ್ಣೋ’ ಅಂದ ಬಾಯಿ. ಅಂಥ ಬಾಯಿ ಊರಿಗೆ ನೂರಿವೆ. ಕಾಕಾ ಅವುಗಳಿಗೆ ಹೆದರಿದ, ಕ್ಯಾನ್ಸರಿಗಲ್ಲ.

ರಿಪೋರ್ಟ್ ಬಂದ ದಿನ ಹುಬ್ಬಳ್ಳಿಯಿಂದ ವಾಪಸ್ ಬರುವಾಗ, ಶಿಗ್ಗಾಂವಿ ದಾಟಿದ ಮೇಲೆ, ಕಾರಿನಲ್ಲಿ ನಾವಿಬ್ಬರೇ ಇದ್ದೆವು. ಕಾಕಾ ಕಿಟಕಿ ಕಡೆ ಮುಖ ಮಾಡಿಕೊಂಡೇ ಅಂದ, "ದಿನಾ ಒಂದು ಕಟ್ಟು ಅಂತ ನೀ ತಿಳಕೊಂಡೀಯಲ್ಲ ತಮ್ಮಾ, ಅಷ್ಟಲ್ಲ. ಮೂವತ್ತು. ನಲವತ್ತೆರಡು ವರ್ಷ." ಸ್ಕ್ಯಾನ್ ಫಿಲ್ಮಿನ ಲಕೋಟೆಯ ಹಿಂದೆ ಬರೆದಿಟ್ಟೆ. ಮುಂದಿನ ಸಲ ದೊಡ್ಡ ಡಾಕ್ಟರ ಹತ್ತಿರ ನಾನೊಬ್ಬನೇ ಒಳಗೆ ಹೋಗಿ ಹೇಳಿದೆ. ಅವರು ಬಯ್ಯಲಿಲ್ಲ. ಹಳೆಯ ಪದಕ್ಕೆ ಗೆರೆ ಎಳೆದು ‘1260’ ಅಂತ ಬರೆದರು.

ಅದೇನು ಅಂಕಿ ಅಂತೀರಾ? ನಮ್ಮ ದೇಶದ ಡಾಕ್ಟರುಗಳು ದಿನಕ್ಕೆ ಎಷ್ಟು ಅನ್ನೋದನ್ನು ಎಷ್ಟು ವರ್ಷ ಅನ್ನೋದರಿಂದ ಗುಣಿಸುತ್ತಾರೆ. ಸ್ಮೋಕಿಂಗ್ ಇಂಡೆಕ್ಸ್ ಅಂತಾರೆ. ಮುನ್ನೂರು ದಾಟಿದರೆ ಭಾರಿ ಅಂತ ಲೆಕ್ಕ. ವಿದೇಶದ ಪುಸ್ತಕಗಳಲ್ಲಿರೋದು ಪ್ಯಾಕ್ ಇಯರ್. ದಿನಕ್ಕೆ ಇಪ್ಪತ್ತು ಸಿಗರೇಟಿನ ಒಂದು ಪ್ಯಾಕು ಒಂದು ವರ್ಷ ಸೇದಿದರೆ ಒಂದು. ಬೀಡಿ ಕಟ್ಟಿಗೆ ಆ ಲೆಕ್ಕ ಎಲ್ಲಿ ಕೂಡುತ್ತೆ? ನಮ್ಮ ಗುಣಾಕಾರವೇ ಸರಿ. ಮತ್ತೆ ಎಷ್ಟು ಅನ್ನೋದಷ್ಟೇ ಸಾಲದು, ಬಿಟ್ಟಿದ್ದರೆ ಯಾವಾಗ ಅಂತಲೂ ಬೇಕು. ನಮ್ಮ ಕಡೆ "ಬಿಟ್ಟೇನ್ರಿ" ಅಂದರೆ ಹತ್ತು ವರ್ಷದ ಹಿಂದೆಯೂ ಇರಬಹುದು, ಆಸ್ಪತ್ರೆಯ ಗೇಟಿನ ಹೊರಗೆ ಐದು ನಿಮಿಷದ ಹಿಂದೆಯೂ ಇರಬಹುದು.

ಇನ್ನು ಬ್ಯಾಡಗಿಯ ಅತ್ತಿ. ಕಾಕಾನಿಗಿಂತ ಒಂದು ವರ್ಷ ಮುಂಚೆ ಅವಳಿಗೆ ಕೆಮ್ಮು ಶುರುವಾಗಿತ್ತು. ಬ್ಯಾಡಗಿಯಲ್ಲಿ ಕೆಮ್ಮನ್ನು ಯಾರು ಲೆಕ್ಕಕ್ಕೆ ತಗೋತಾರೆ ಹೇಳಿ! ಸುಗ್ಗಿಯಲ್ಲಿ ಪೇಟೆಗೆ ಚೀಲ ಬಂದು ಬಿದ್ದರೆ ಬಸ್ಸಿಳಿದವನೂ ಸೀನುತ್ತಾನೆ. ಅತ್ತಿ ಇಪ್ಪತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋದವಳು. "ಘಾಟಿಂದು" ಅಂತ ಅವಳೂ ಅಂದಳು, ನಾವೂ ಅಂದೆವು. ಘಾಟಿಗೆ ಕ್ಯಾನ್ಸರ್ ಬರುತ್ತೆ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಘಾಟು ಕೆಮ್ಮನ್ನು ಮರೆಮಾಚಿತು ಅಂತಷ್ಟೇ. ಆಮೇಲೆ ಎಕ್ಸ್‌ರೇಯಲ್ಲಿ ಕಲೆ ಕಾಣಿಸಿದಾಗ ಕಫದಲ್ಲಿ ಕ್ರಿಮಿ ಸಿಗದಿದ್ದರೂ ಟಿಬಿ ಗುಳಿಗೆ ಶುರುವಾಯಿತು. ನಾಲ್ಕು ತಿಂಗಳು. ಹೆಂಗಸು, ಸೇದಿದವಳಲ್ಲ, ಇನ್ನೇನಿರುತ್ತೆ ಅಂತ. ಇದು ನಮ್ಮ ಮನೆಯದೊಂದೇ ಕಥೆಯಲ್ಲ, ಈ ದೇಶದ ಶ್ವಾಸಕೋಶದ ರೋಗಿಗಳು ಎಷ್ಟೋ ಜನ ಟಿಬಿ ದಾರಿ ಸುತ್ತಿಕೊಂಡೇ ಕ್ಯಾನ್ಸರ್ ಆಸ್ಪತ್ರೆ ಮುಟ್ಟೋದು.

‘ಸೇದದವರಿಗೆ ಬರೋದಿಲ್ಲ’ ಅನ್ನೋದು ಎಂಥ ಸುಳ್ಳು ಅಂದರೆ, ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2012ರಲ್ಲಿ ಪ್ರಕಟಿಸಿದ ತಮ್ಮ ರೋಗಿಗಳ ಲೆಕ್ಕದಲ್ಲಿ ಸುಮಾರು ಅರ್ಧದಷ್ಟು ಜನ ಎಂದೂ ಸೇದದವರೇ ಇದ್ದರು. ಪಕ್ಕದವರು ಬಿಟ್ಟ ಹೊಗೆ, ಊರಿನ ಗಾಳಿ, ಇವೂ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ಸೌದೆ ಒಲೆಯ ಹೊಗೆಯನ್ನು ಅನುಮಾನದ ಪಟ್ಟಿಯಲ್ಲಿಟ್ಟಿದೆ.

ಅತ್ತಿಯ ಪರೀಕ್ಷೆಯಲ್ಲಿ ಬದಲಾವಣೆ ಸಿಕ್ಕಿತು. ಎರಡು ವರ್ಷದಿಂದ ಗುಳಿಗೆ ನುಂಗುತ್ತಿದ್ದಾಳೆ. ಮುಖದ ತುಂಬ ಮೊಡವೆಯಂಥ ಗುಳ್ಳೆ ಬಂದು ಹೋದವು, ಉಗುರುಸುತ್ತು ಆಯಿತು, ಅದರೂ ಮೊನ್ನೆ ಗೃಹಪ್ರವೇಶದಲ್ಲಿ ನನಗಿಂತ ಹೆಚ್ಚು ಉಂಡಳು. ಎಷ್ಟು ದಿನ ಅಂತ ಯಾರೂ ಹೇಳಲಾರರು. ‘ಪಾಪ’ ಅನ್ನೋರು ಮಾತ್ರ ಅವಳನ್ನೂ ಬಿಟ್ಟಿಲ್ಲ. ಎಲ್ಲೋ ಕದ್ದು ಸೇದಿರಬೇಕು ಅಂತ ಓಣಿಯಲ್ಲಿ ಒಂದು ಗುಸುಗುಸು ಇದೆಯಂತೆ, ಅವಳೇ ನಕ್ಕೊಂಡು ಹೇಳಿದಳು.

ಸರಿ, ಬಯ್ಯೋರನ್ನು ಬಯ್ದಾಯಿತು. ಈಗ ಕರುಣಾಮಯಿಗಳ ಸರದಿ. ಇವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು.

"ಇನ್ನೇನು ಉಳದೈತಿ, ಸೇದ್ಲಿ ಬಿಡ್ರಿ ಪಾಪ" ಅನ್ನೋರು. ಕಾಕಾನಿಗೆ ಹಿತ್ತಲಲ್ಲಿ ಬೀಡಿ ತಂದು ಕೊಡ್ತಿದ್ದದ್ದು ಅವನ ಗೆಳೆಯರೇ. ಪ್ರೀತಿಯಿಂದಲೇ ಕೊಟ್ಟರು. ಮೇಲ್ನೋಟಕ್ಕೆ ‘ಮಾಡಿದ್ದುಣ್ಣೋ’ ಅನ್ನೋರಿಗೂ ‘ಸೇದ್ಲಿ ಬಿಡು’ ಅನ್ನೋರಿಗೂ ಅಜಗಜಾಂತರ. ಆದರೆ ನೋಡಿ, ಇಬ್ಬರೂ ಹೇಳ್ತಿರೋದು ಒಂದೇ: ಈ ಮನುಷ್ಯನ ಕಥೆ ಮುಗೀತು ಅಂತ.

ಮುಗಿದಿರೋದಿಲ್ಲ. ರೋಗ ಬೇಗ ಸಿಕ್ಕವರ ವಿಷಯದಲ್ಲಂತೂ ಇಲ್ಲವೇ ಇಲ್ಲ. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ಮಾಡಿದ ಲೆಕ್ಕ ಬಂತು. ಆರಂಭದ ಹಂತದಲ್ಲಿ ಸಿಕ್ಕ ನಾನ್ ಸ್ಮಾಲ್ ಸೆಲ್ ಕ್ಯಾನ್ಸರಿನ 65 ವರ್ಷದ ರೋಗಿಗಳಲ್ಲಿ, ರೋಗ ಗೊತ್ತಾದ ಮೇಲೂ ಸೇದುತ್ತಾ ಹೋದವರಲ್ಲಿ ಐದು ವರ್ಷ ಬದುಕುವವರು ನೂರಕ್ಕೆ 33. ಬಿಟ್ಟವರಲ್ಲಿ 70. ಸ್ಮಾಲ್ ಸೆಲ್‌ನಲ್ಲಿ 29 ಮತ್ತು 63. ಆಮೇಲೆ 2021ರಲ್ಲಿ ಮಾಸ್ಕೋದ 517 ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ: ಬಿಟ್ಟವರು ಬಿಡದವರಿಗಿಂತ ಸುಮಾರು 21 ತಿಂಗಳು ಹೆಚ್ಚು ಬದುಕಿದರು. ಇಪ್ಪತ್ತೊಂದು ತಿಂಗಳು ಹೆಚ್ಚು ಕೊಡುವ ಹೊಸ ಇಂಜೆಕ್ಷನ್ನು ಬಂದಿದ್ದರೆ ಪತ್ರಿಕೆಗಳ ಮುಖಪುಟದಲ್ಲಿ ಬರ್ತಿತ್ತು, ಮನೆ ಮಾರಿಯಾದರೂ ಹಾಕಿಸುತ್ತಿದ್ದೆವು. ಇದು ಬಿಟ್ಟಿ ಸಿಗುವ ಔಷಧಿ, ಅದಕ್ಕೇ ಯಾರೂ ಚೀಟಿಯಲ್ಲಿ ಬರೆಯೋದಿಲ್ಲ.

ಬಿಡೋದು ಸುಲಭ ಅಂತ ನಾನು ಹೇಳೋದಿಲ್ಲ. "ಬಿಡ್ರಿ" ಅಂದರೆ ಬಿಡೋಕೆ ಅದೇನು ಸೀಟು ಬಿಡೋದಾ? ನಿಕೋಟಿನ್ ಗಮ್ ಇದೆ, ಅಂಗಡಿಯಲ್ಲಿ ಸಿಗುತ್ತೆ. ಸರ್ಕಾರದ್ದೇ ಸಹಾಯವಾಣಿ ಇದೆ, 1800-11-2356, ಕನ್ನಡದಲ್ಲಿ ಮಾತಾಡೋಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯವಸ್ಥೆ ಮಾಡಿದ್ದಾರೆ. ಆ ನಂಬರು 2018ರಿಂದ ತಂಬಾಕಿನ ಪ್ಯಾಕಿನ ಮೇಲೇ ಅಚ್ಚಾಗ್ತಿದೆ. ಕಾಕಾ ಅಷ್ಟು ಕಟ್ಟು ಬಿಚ್ಚಿದ, ಒಂದು ದಿನ ಆ ಅಂಕಿ ಓದಲಿಲ್ಲ. ನಾವು ಹೋದ ಆಸ್ಪತ್ರೆಯಲ್ಲಿ ಯಾರೂ ಓದಿ ಹೇಳಲೂ ಇಲ್ಲ.

ಮತ್ತೊಂದು ಮಾತು, ‘ಸೇದಿದವರಿಗೆ ಚಿಕಿತ್ಸೆಯೇ ಹತ್ತೋದಿಲ್ಲ’ ಅನ್ನೋರಿಗೆ. ಹೊಗೆ ಜೀವಕೋಶದ ತುಂಬ ಗಾಯ ಮಾಡಿರುತ್ತೆ. ಆ ಗಾಯಗಳಿಂದಲೇ ಮೈಯ ರೋಗನಿರೋಧಕ ಪಡೆಗೆ ಕ್ಯಾನ್ಸರನ್ನು ಗುರುತಿಸೋಕೆ ಸುಲಭ ಆಗುತ್ತೆ. ಆ ಪಡೆಯ ಕಟ್ಟು ಬಿಚ್ಚುವ ಇಮ್ಯುನೋಥೆರಪಿ ಔಷಧಿಗಳು ಸೇದಿದವರಲ್ಲೇ ಹೆಚ್ಚಾಗಿ ಕೆಲಸ ಮಾಡ್ತವೆ ಅಂತ 2015ರಲ್ಲೇ ತೋರಿಸಿದ್ದಾರೆ. ಅತ್ತಿಯಂಥವರಲ್ಲಿ ಅವು ಅಷ್ಟಕ್ಕಷ್ಟೇ. (ಬೆಲೆ ಕೇಳಿದರೆ ನಾವು ಜಿನ್ನಿಂಗ್ ಫ್ಯಾಕ್ಟರಿಯನ್ನೇ ಕೊಳ್ಳಬೇಕು. ಅದು ಬೇರೆಯೇ ಜಗಳ.) ಇದಕ್ಕೇ ಅಂದದ್ದು, ಎಷ್ಟು ಸೇದಿದ್ದೆ ಅನ್ನೋದು ಮುಚ್ಚಿಡೋ ವಿಷಯ ಅಲ್ಲ.

‘ಹೀಗೆ ಸೇದುವವರ ಪರ ವಕಾಲತ್ತು ಮಾಡಿದರೆ ಹುಡುಗರು ಕೆಡ್ತಾರೆ’ ಅಂತ ನಿಮ್ಮಲ್ಲಿ ಕೆಲವರು ಅಂತೀರಿ, ಗೊತ್ತು. ಹೆದರಿಸೋಕೆ ಪ್ಯಾಕಿನ ಮೇಲೆ ಚಿತ್ರ ಇದೆಯಲ್ಲ, 2016ರಿಂದ ಶೇಕಡಾ 85ರಷ್ಟು ಜಾಗದಲ್ಲಿ. ಹಾಸಿಗೆ ಹಿಡಿದವನನ್ನೂ ಆ ಚಿತ್ರದ ಹಾಗೆ ಬಳಸೋದು ಯಾವ ನ್ಯಾಯ? ಅಷ್ಟು ಕಾಳಜಿ ಇದ್ದವರು ಸೆಪ್ಟೆಂಬರ್ 2025ರಲ್ಲಿ ಎಲ್ಲಿದ್ದಿರಿ? ಜಿಎಸ್‌ಟಿ ಮಂಡಳಿ ಸಿಗರೇಟಿಗೆ 40 ಅಂತ ಏರಿಸಿ ಬೀಡಿಗೆ 28ರಿಂದ 18ಕ್ಕೆ ಇಳಿಸೋಕೆ ತೀರ್ಮಾನ ಮಾಡಿದಾಗ ನಮ್ಮ ಕಡೆ ಒಬ್ಬರೂ ತುಟಿ ಬಿಚ್ಚಿದ್ದು ನಾನು ಕೇಳಲಿಲ್ಲ. ಬೀಡಿ ಕಟ್ಟುವ ಹೆಂಗಸರ ಹೊಟ್ಟೆಪಾಡು ಅಂತಾರೆ, ಅದನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ತೆರಿಗೆ ಇಳಿಸುವಾಗ ಬಡವರ ಬೀಡಿ, ಆಸ್ಪತ್ರೆಯಲ್ಲಿ ಮಲಗಿದಾಗ ಅವನ ಚಟ, ಇದ್ಯಾವ ಸೀಮೆ ಲೆಕ್ಕ?

ಹಾವೇರಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಬ್ಬರು ನಿವೃತ್ತ ಕಂಡಕ್ಟರ್ ಇದ್ದಾರೆ. ಹರ್ನಿಯಾ ಆಪರೇಶನ್ನಿಗೆ ಅಂತ ತೆಗೆಸಿದ ಎಕ್ಸ್‌ರೇಯಲ್ಲಿ ಸಣ್ಣ ಗಂಟು ಕಂಡಿತು. ಅದೃಷ್ಟ ಅನ್ನಬೇಕು, ಹರಡಿಲ್ಲ, ಕತ್ತರಿಸಿ ತೆಗೀಬಹುದು ಅಂದಿದ್ದಾರೆ, ಆದರೆ ಮೊದಲು ಬೀಡಿ ಬಿಡಬೇಕು ಅಂತ. ಅವರ ಮಗ ಬಂದು ನನ್ನ ಮುಂದೆ ಅತ್ತ. ಆ ನಂಬರು ಕೊಟ್ಟೆ, ಕಾಕಾನ ಕಥೆ ಹೇಳಿದೆ, ‘ಜೊತೆಗೆ ನಾನೂ ಬರ್ತೇನೆ’ ಅಂದೆ.

ಮೊನ್ನೆ ಬುಧವಾರ ಹೋಗಿದ್ದೆವು. ಬೇರೆ ಆಸ್ಪತ್ರೆ, ಆದರೆ ಅಂಥದೇ ಕೋಣೆ, ಅಂಥದೇ ಟೇಬಲ್ಲು, ಅಷ್ಟೇ ಜನ. ತಲೆ ಬಗ್ಗಿಸಿ ಬರೀತಿದ್ದ ಹುಡುಗಿ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ನನ್ನ ಎದೆ ಡವಡವ ಅಂತಿತ್ತು. ಕಂಡಕ್ಟರ್ ಸಾಹೇಬರು ಅಂಗಿ ಸರಿ ಮಾಡಿಕೊಂಡು, ಬಸ್ಸಿನ ಹಿಂದಿನ ಸೀಟಿಗೂ ಕೇಳುವಂತೆ ಸ್ಟಾಪಿನ ಹೆಸರು ಕೂಗ್ತಾರಲ್ಲ, ಆ ದನಿಯಲ್ಲಿ ಹೇಳಿದರು:

"ಬೀಡಿ ರೀ! ದಿನಕ್ಕ ಇಪ್ಪತ್ತು, ಮೂವತ್ತಾರು ವರ್ಷ! ಬಿಟ್ಟು ಹತ್ತೊಂಬತ್ತು ದಿನ ಆತ್ರಿ!"

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರು ತಲೆ ಎತ್ತಿದರು, ಒಂದು ಕ್ಷಣ ಅವರ ಮುಖ ನೋಡಿ, "ಇಪ್ಪತ್ತು ಮೂವತ್ತಾರ್ಲೆ..." ಅಂತ ಬಾಯಲ್ಲೇ ಗುಣಿಸಿ ಏಳುನೂರಾ ಇಪ್ಪತ್ತು ಅಂತ ಬರೆದುಕೊಂಡರು. ಬಾಗಿಲ ಹತ್ತಿರ ಸರದಿಯಲ್ಲಿ ನಿಂತಿದ್ದ ಇನ್ನೊಬ್ಬ ಮುದುಕ ತನ್ನ ಮಗನನ್ನು ಸ್ವಲ್ಪ ಹೊರಗೆ ಹೋಗಿ ನಿಲ್ಲು ಅಂತ ಸನ್ನೆ ಮಾಡಿದ.